ಹಳೆಯ ಕಲ್ಲಿನ ಮನೆಗೆ ಫೈಬರ್ ಕೇಬಲ್: ದಾರಿಯನ್ನು ಮೊದಲೇ ಸಿದ್ಧಪಡಿಸುವುದು ಹೇಗೆ?

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ನಮಸ್ಕಾರ. ವಿಜಯಪುರದ ಹಳೆಯ ಊರಿನ ಓಣಿಯಲ್ಲಿರುವ ನಮ್ಮ ಮನೆಗೆ ಮುಂದಿನ ವಾರ ಫೈಬರ್ ಇಂಟರ್ನೆಟ್ ಸಂಪರ್ಕ ಕೊಡಲು ಬರುತ್ತಾರೆ. ಮನೆಯ ಮುಂಭಾಗದ ಪಡಸಾಲೆ ಮತ್ತು ದೇವರ ಕೋಣೆ ಹಳೆಯವು. ಅಲ್ಲಿ ಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ, ಎರಡು ಅಡಿಗೂ ಹೆಚ್ಚು ದಪ್ಪದ ಗೋಡೆಗಳಿದ್ದು, ಮೇಲೆ ಜಂತಿಯ ಮೇಲಿನ ಮಣ್ಣಿನ ಮಾಳಿಗೆ ಇದೆ. ಹಿಂಭಾಗದಲ್ಲಿ ನಂತರ ಕಟ್ಟಿಸಿದ ಎರಡು ಆರ್‌ಸಿಸಿ ಕೋಣೆಗಳಿವೆ. ನಾನು ಮನೆಯಿಂದಲೇ ಕೆಲಸ ಮಾಡುವುದು ಈ ಹಿಂದಿನ ಕೋಣೆಯಲ್ಲಿ. ಓಣಿಯ ಕಂಬ ನಮ್ಮ ಮುಂಬಾಗಿಲಿನಿಂದ ಸುಮಾರು 25 ಮೀಟರ್ ದೂರದಲ್ಲಿದೆ.

ಹಿಂದೆ ಟಿವಿ ಕೇಬಲ್‌ನವರು ಕಿಟಕಿಯ ಸಂದಿಯಿಂದ ವೈರ್ ಎಳೆದುಕೊಂಡು ಹೋದ ಮೇಲೆ ಆ ಕಿಟಕಿ ಇಂದಿಗೂ ಪೂರ್ತಿ ಮುಚ್ಚುವುದಿಲ್ಲ. ಈ ಸಲ ದಾರಿಯನ್ನು ನಾವೇ ಮೊದಲು ಮಾಡಿಸಿಡಬೇಕೆಂದಿದ್ದೇನೆ. ಪೈಪ್ ಯಾವ ಅಳತೆಯದಿರಬೇಕು, ಎಷ್ಟರಮಟ್ಟಿಗೆ ಬಾಗಿಸಬಹುದು, ಈಗಿರುವ ಕರೆಂಟ್ ಪೈಪಿನಲ್ಲಿಯೇ ಇದನ್ನೂ ಎಳೆಯಬಹುದೇ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕು. ಮೋಡೆಮ್ ಅನ್ನು ಪಡಸಾಲೆಯ ಟಿವಿ ಪಕ್ಕ ಇಡಿಸುವ ಯೋಚನೆಯಿದೆ. ಆದರೆ ಪಡಸಾಲೆಯ ಗೋಡೆಗೆ ತೂತು ಹಾಕಬಾರದು ಎಂಬುದು ನಮ್ಮ ಅತ್ತೆಯವರ ಷರತ್ತು.

ಉತ್ತರ 1 (ಮುಧೋಳದಿಂದ, ವೈರಿಂಗ್ ಕೆಲಸದವನು)

ಅಕ್ಕನವರೇ, ನಿಮ್ಮ ಅತ್ತೆಯವರ ಮಾತೇ ಸರಿ. ಕಲ್ಲು-ಮಣ್ಣಿನ ಗೋಡೆಗೆ ಹ್ಯಾಮರ್ ಡ್ರಿಲ್ ಹಚ್ಚಿದರೆ ಒಳಗಿನ ಸಣ್ಣ ಕಲ್ಲುಗಳು ಸಡಿಲಾಗಿ, ನಡುವಿನ ಮಣ್ಣು ಉದುರಿ, ಬೆರಳು ಗಾತ್ರದ ತೂತು ಒಳಬದಿಯಲ್ಲಿ ಹಿಡಿ ಗಾತ್ರದ್ದಾಗಿ ತೆರೆದುಕೊಳ್ಳಬಹುದು. ಮುಂದೆ ಮಳೆಗಾಲದಲ್ಲಿ ನೀರು ಇಳಿಯಲು ಅದೇ ಜಾಗ ಸಾಕು.

ದಾರಿಯನ್ನು ಕಂಬದಿಂದ ಆರಂಭಿಸಿ ಯೋಚಿಸಬೇಡಿ. ಮೋಡೆಮ್ ಎಲ್ಲಿರಬೇಕೆಂದು ಮೊದಲು ತೀರ್ಮಾನಿಸಿ ಅಲ್ಲಿಂದ ಹಿಂದಕ್ಕೆ ಬನ್ನಿ. ವೈಫೈ ತರಂಗ ನಿಮ್ಮ ಎರಡಡಿಯ ಗೋಡೆಯನ್ನು ದಾಟುವಷ್ಟರಲ್ಲಿ ಬಹಳ ಕ್ಷೀಣಿಸುತ್ತದೆ, 5 ಗಿಗಾಹರ್ಟ್ಸ್‌ನದು ಇನ್ನೂ ಹೆಚ್ಚು. ಮೋಡೆಮ್ ಪಡಸಾಲೆಯಲ್ಲಿದ್ದರೆ ಟಿವಿ ಚೆನ್ನಾಗಿ ನಡೆದೀತು, ನಿಮ್ಮ ಕೆಲಸ ನಡೆಯಲಿಕ್ಕಿಲ್ಲ. ಆದ್ದರಿಂದ ಅದನ್ನು ಹಿಂದಿನ ಕೋಣೆಯಲ್ಲಿ, ಪ್ಲಗ್ ಇರುವ ಕಡೆ, ಎದೆಮಟ್ಟಕ್ಕಿಂತ ಮೇಲೆ ಇಡಿಸಿ. ಟಿವಿಗೆ ಅಲ್ಲಿಂದ ಒಂದು ಕ್ಯಾಟ್-6 ನೆಟ್‌ವರ್ಕ್ ವೈರನ್ನು ಬಾಗಿಲ ಚೌಕಟ್ಟಿನ ಪಕ್ಕದಿಂದ ತಂದರಾಯಿತು. ಅದು 100 ಮೀಟರ್‌ವರೆಗೆ ಕೆಲಸ ಮಾಡುತ್ತದೆ.

ಬಾಗಿಸುವ ವಿಷಯದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಫೈಬರಿನಲ್ಲಿ ಬೆಳಕು ಸಾಗುವ ತಿರುಳಿನ ಅಗಲ ಸುಮಾರು 9 ಮೈಕ್ರಾನ್ ಮಾತ್ರ. ಕೇಬಲ್ ಮೊನಚಾಗಿ ಬಾಗಿದಲ್ಲಿ ಆ ಬೆಳಕು ತಿರುಳಿನಿಂದ ಹೊರಗೆ ಸೋರಿಹೋಗುತ್ತದೆ. ಜಿ.657.ಎ2 ಎಂಬ ದರ್ಜೆಯ ಫೈಬರ್ 7.5 ಮಿಲಿಮೀಟರ್ ತ್ರಿಜ್ಯದವರೆಗಿನ ಬಾಗನ್ನು ತಾಳುತ್ತದೆ. ಹಳೆಯ ಜಿ.652.ಡಿ ಆದರೆ 30 ಮಿಲಿಮೀಟರ್ ಬೇಕು. ನಿಮ್ಮ ಮನೆಗೆ ಯಾವುದನ್ನು ತರುತ್ತಾರೋ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ, ಎಲ್ಲಿಯೂ ಚಹಾ ಕಪ್ಪಿನ ಬಾಯಿಗಿಂತ ಬಿಗಿಯಾದ ತಿರುವು ಬಾರದಂತೆ ದಾರಿ ಮಾಡಿ. ಅಂಗಡಿಯಲ್ಲಿ ಮೊಣಕೈಯಂತೆ ಥಟ್ಟನೆ ತಿರುಗುವ ಎಲ್ಬೋ ಕೊಟ್ಟರೆ ತೆಗೆದುಕೊಳ್ಳಬೇಡಿ, ಉದ್ದನೆಯ ಬೆಂಡ್ ಕೇಳಿ.

ಪೈಪ್ 25 ಮಿಲಿಮೀಟರಿನ ಪಿವಿಸಿ ಇರಲಿ. ಮುಂದೆ ಕೇಬಲ್ ಕಟ್ಟಿ ಎಳೆಯಲು, ಹಾಕುವಾಗಲೇ ಒಳಗೆ ನೈಲಾನ್ ಹಗ್ಗ ಬಿಟ್ಟಿರಿ. ಎರಡಕ್ಕಿಂತ ಹೆಚ್ಚು ತಿರುವು ಬಂದರೆ ನಡುವೆ ಒಂದು ಜಂಕ್ಷನ್ ಬಾಕ್ಸ್ ಕೂರಿಸಿ, ಇಲ್ಲವಾದರೆ ಎಳೆಯುವವನ ಜೋರೆಲ್ಲ ಕೇಬಲ್ ಮೇಲೆ ಬೀಳುತ್ತದೆ. ಮಾಳಿಗೆಯ ಮೇಲೆ ಮಾತ್ರ ಪೈಪನ್ನು ಮಲಗಿಸಬೇಡಿ, ಮಳೆಗಾಲದ ಮೊದಲು ಹೊಸ ಮಣ್ಣು ಹಾಕುವಾಗ ಸಲಿಕೆಯ ಏಟು ತಪ್ಪುವುದಿಲ್ಲ. ಪಕ್ಕದ ಗೋಡೆಯ ಹೊರಮೈಗೆ ಆನಿಸಿ, ಹಿಂದಿನ ಆರ್‌ಸಿಸಿ ಭಾಗದವರೆಗೆ ಒಯ್ದು, ಅಲ್ಲಿನ ಇಟ್ಟಿಗೆ ಗೋಡೆಯಿಂದ ಒಳಗೆ ತನ್ನಿ.

ಉತ್ತರ 2 (ಬೆಳಗಾವಿಯಿಂದ)

ಮೇಲಿನ ಅಣ್ಣನವರ ಮಾತಿಗೆ ಬೆಳಗಾವಿಯ ಮಳೆ ಕಲಿಸಿದ ಒಂದು ಪಾಠವನ್ನು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಕೇಬಲನ್ನು ಮೇಲಿನಿಂದ ನೇರವಾಗಿ ಇಳಿಸಿ ತೂತಿನೊಳಗೆ ತೂರಿಸಿದ್ದರು. ಜುಲೈ ತಿಂಗಳಲ್ಲಿ ನೀರು ಕೇಬಲನ್ನೇ ಹಿಡಿದುಕೊಂಡು ಒಳಗೆ ಬಂದು, ಗಿಲಾವು ಉಬ್ಬಿ, ಕೊನೆಗೆ ಮೋಡೆಮ್‌ನ ಪ್ಲಗ್ಗಿನವರೆಗೂ ತಲುಪಿತು. ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ಕೇಬಲ್ ತೂತಿಗಿಂತ ಒಂದು ಗೇಣು ಕೆಳಗೆ ಇಳಿದು, ದುಂಡಗೆ ತಿರುಗಿ, ಮೇಲಕ್ಕೆ ಏರಿ ಒಳಗೆ ಹೋಗಬೇಕು. ಆಗ ನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕುತ್ತದೆ. ವಿಜಯಪುರದಲ್ಲಿ ಮಳೆ ಕಡಿಮೆ ಎಂದು ಇದನ್ನು ಬಿಡಬೇಡಿ, ಒಂದೇ ಅಡ್ಡಮಳೆ ಸಾಕು.

ಇನ್ನೊಂದು ವಿಷಯ. ಕಂಬದಿಂದ ಬರುವ ಕೇಬಲಿಗೆ ತೂಗು ತಡೆಯಲು ಪಕ್ಕದಲ್ಲಿ ಒಂದು ಉಕ್ಕಿನ ತಂತಿ ಅಂಟಿಕೊಂಡಿರುವುದು ಸಾಮಾನ್ಯ. ಫೈಬರ್ ಎಂದರೆ ಗಾಜಿನ ಎಳೆ; ಗಾಜಿನಲ್ಲಿ ಕರೆಂಟ್ ಹರಿಯದು, ಆ ತಂತಿಯಲ್ಲಿ ಹರಿಯುತ್ತದೆ. ಆದ್ದರಿಂದ ಹೆಸ್ಕಾಂನ ಸರ್ವಿಸ್ ವೈರಿನಿಂದ ಅದು ದೂರವಿರಲಿ, ಗೋಡೆಯ ಹೊರಗಿನ ಕೊಕ್ಕೆಗೆ ಬಿಗಿದ ನಂತರ ಸೀಳಿ ಬೇರ್ಪಡಿಸಿ ಅಲ್ಲಿಯೇ ಕತ್ತರಿಸಲಿ. ಒಳಗೆ ಫೈಬರಿನ ಭಾಗ ಮಾತ್ರ ಬರಬೇಕು.

ಪೈಪಿನ ಅಳತೆಯ ಬಗ್ಗೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಬರಿಯ ಕೇಬಲ್ ಎಳೆದು, ತುದಿಯ ಕನೆಕ್ಟರನ್ನು ಒಳಗೆ ಬಂದ ಮೇಲೆ ಕೂರಿಸುವುದಾದರೆ 20 ಮಿಲಿಮೀಟರಿನ ಪೈಪೇ ಸಾಕು. ಕನೆಕ್ಟರ್ ಕೂರಿಸಿಯೇ ತರುವ ಕೇಬಲ್ ಆದರೆ 25 ಬೇಕು. ಅವರಿಗೆ ಫೋನ್ ಮಾಡಿ ಕೇಳಿದರೆ ಬಗೆಹರಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಮೋಡೆಮ್ ಹಿಂದಿನ ಕೋಣೆಗೆ ಎಂದು ತೀರ್ಮಾನವಾಯಿತು. ಆದರೆ ಕರೆಂಟ್ ಪೈಪಿನ ಪ್ರಶ್ನೆಗೆ ಉತ್ತರ ಬರಲಿಲ್ಲ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲವೆಂದ ಮೇಲೆ ಇರುವ ಪೈಪಿನಲ್ಲಿಯೇ ಎಳೆದರೆ ತೊಂದರೆಯೇನು ಎಂದು ನಮ್ಮ ಮನೆಯವರು ಕೇಳುತ್ತಿದ್ದಾರೆ.

ಉತ್ತರ 1, ಮತ್ತೊಮ್ಮೆ

ಅಕ್ಕನವರೇ, ಕರೆಂಟಿನಿಂದ ಬೆಳಕಿಗೆ ತೊಂದರೆಯಾಗುವುದಿಲ್ಲ ಎಂಬುದು ನಿಜ. ತೊಂದರೆ ಬರುವುದು ಕೈಗಳಿಂದ. ಹಳೆಯ ವೈರುಗಳ ನಡುವೆ ಹೊಸದನ್ನು ಎಳೆಯುವಾಗ ಅವುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಉಜ್ಜಿ ಹರಿಯಬಹುದು. ಫೈಬರ್ ಕೆಲಸಕ್ಕೆ ಬಂದ ಹುಡುಗ ಮೇನ್ ಬಂದ್ ಮಾಡದೆಯೇ ನಿಮ್ಮ ಬೋರ್ಡ್ ಬಿಚ್ಚುತ್ತಾನೆ. ಮುಂದೊಂದು ದಿನ ನೀವು ಫ್ರಿಜ್‌ಗೆಂದು ಹೊಸ ಲೈನ್ ಎಳೆಸಿದಾಗ ನನ್ನಂಥವನೊಬ್ಬ ಬಂದು ಫೈಬರನ್ನು ಮುರಿದು ಹೋಗುತ್ತಾನೆ. ಒಂದು ಪ್ರತ್ಯೇಕ ಪೈಪ್ ಹಾಕಿಸಿ, ಅದು ಒಂದು ದಿನದ ಕೆಲಸ.

ಉತ್ತರ 3 (ವಿಜಯಪುರದಿಂದ, ಫೈಬರ್ ಜೋಡಿಸುವ ಕೆಲಸದಲ್ಲಿರುವವನು)

ಇಷ್ಟು ಸಿದ್ಧತೆ ಮಾಡಿಕೊಂಡ ಮನೆ ನಮಗೆ ಸಿಗುವುದೇ ಅಪರೂಪ. ಬಹಳ ಕಡೆ ನಾವು ಹೋದ ಮೇಲೆಯೇ ಕಪಾಟು ಸರಿಸಲು ಶುರುಮಾಡುತ್ತಾರೆ.

ಕೆಲಸ ಮುಗಿದ ಮೇಲೆ ಬೆಳಕಿನ ಪ್ರಮಾಣವನ್ನು ಪವರ್ ಮೀಟರಿನಲ್ಲಿ ತೋರಿಸಲು ಕೇಳಿ. ಕಂಬದ ಪೆಟ್ಟಿಗೆಯಲ್ಲಿ ಬಂದ ಅಂಕಿ ಮತ್ತು ಮನೆಯೊಳಗಿನ ಅಂಕಿ ಎರಡನ್ನೂ ಬರೆದಿಟ್ಟುಕೊಳ್ಳಿ. ಡಿಬಿಎಂ ಎಂಬುದು ಬೆಳಕಿನ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಚೆನ್ನ. ಮೈನಸ್ 27ರ ಹತ್ತಿರ ಹೋದರೆ ಸಂಪರ್ಕ ಆಗಾಗ ಕಡಿಯುತ್ತದೆ. ಇಷ್ಟು ಕಡಿಮೆ ದೂರದಲ್ಲಿ ಕೇಬಲ್ ತಾನಾಗಿ ಕಳೆಯುವ ಬೆಳಕು ಲೆಕ್ಕಕ್ಕೇ ಇಲ್ಲ, ಜೋಡಣೆಗಳಲ್ಲಿ ಒಂದು ಡಿಬಿ, ಎಂದರೆ ಆ ಅಂಕಿಯಲ್ಲಿ ಒಂದು, ಹೋದರೆ ಹೆಚ್ಚು. ಕಂಬದಲ್ಲಿ ಮೈನಸ್ 19 ಇದ್ದದ್ದು ಒಳಗೆ ಮೈನಸ್ 24 ಆಗಿದ್ದರೆ ಮೂರರಲ್ಲಿ ಒಂದು ಪಾಲು ಬೆಳಕಷ್ಟೇ ಉಳಿದಿದೆ ಎಂದರ್ಥ. ಆಗ ಎಲ್ಲಿಯೋ ಕೇಬಲ್ ಹಿಸುಕಿದೆ, ಇಲ್ಲವೇ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಮೊಳೆಯ ಕ್ಲಿಪ್ ಬಡಿದ ಜಾಗಗಳನ್ನು ಮೊದಲು ನೋಡಲು ಹೇಳಿ.

ಮೋಡೆಮ್ ಹತ್ತಿರ ಒಂದೂವರೆ ಮೀಟರ್ ಕೇಬಲ್ ಹೆಚ್ಚುವರಿಯಾಗಿ ಉಳಿಸಿ, ಊಟದ ತಟ್ಟೆಯಗಲ ಸುತ್ತಿಡಿಸಿ. ಕನೆಕ್ಟರ್ ಹಾಳಾದಾಗ ಕತ್ತರಿಸಿ ಹೊಸದು ಕೂರಿಸಲು ಅದು ಬೇಕಾಗುತ್ತದೆ. ಬಿಚ್ಚಿದ ತುದಿಯೊಳಗೆ ಯಾರೂ ಇಣುಕದಿರಲಿ, ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ನಾವು ಕತ್ತರಿಸಿದ ಗಾಜಿನ ಎಳೆಗಳೂ ನೆಲದ ಫರಸಿಯ ಮೇಲೆ ಕಾಣುವುದಿಲ್ಲ, ಬರಿಗಾಲಿಗೆ ಚುಚ್ಚಿದಾಗಲೇ ತಿಳಿಯುತ್ತದೆ. ಕೆಲಸದ ಜಾಗದಲ್ಲಿ ಹಳೆಯ ಪತ್ರಿಕೆ ಹಾಸಿ, ಮಕ್ಕಳನ್ನು ಆಚೆ ಕಳಿಸಿ.

ಪ್ರಶ್ನೆ ಕೇಳಿದವರಿಂದ

ನಾಳೆ ಗವಂಡಿಯವರು ಬರುತ್ತಾರೆ. ಹಿಂದಿನ ಗೋಡೆಯಲ್ಲಿ ಹೊರಕ್ಕೆ ಇಳಿಜಾರಾದ ತೂತು, 25 ಮಿಲಿಮೀಟರಿನ ಪೈಪ್, ತಿರುವಿನಲ್ಲಿ ಒಂದು ಬಾಕ್ಸ್ ಎಂದು ಚೀಟಿ ಬರೆದಿಟ್ಟಿದ್ದೇನೆ. ಅತ್ತೆಯವರೂ ಒಪ್ಪಿದ್ದಾರೆ.

ಉತ್ತರ 1

ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿ, ಅಕ್ಕನವರೇ. ಹಗ್ಗದ ಎರಡೂ ತುದಿಗೆ ಒಂದೊಂದು ಕಡ್ಡಿ ಕಟ್ಟಿ, ಪೈಪಿನ ಬಾಯಿಗೆ ಬಟ್ಟೆ ತುರುಕಿಡಿ. ಹಗ್ಗ ಒಳಗೆ ಜಾರಿದರೆ ಮಾಡಿದ್ದೆಲ್ಲ ವ್ಯರ್ಥ, ಬಾಯಿ ತೆರೆದಿದ್ದರೆ ವಾರದೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ.