ಗಡಗಡವೋ, ಕಟಕಟವೋ? ಕಾರಿನ ಸಸ್ಪೆನ್ಷನ್ ಸದ್ದುಗಳಿಗೆ ಪದಗಳು

ಪದಬಲ್ಲ ಮಿತ್ರರಿಗೆ ನಮಸ್ಕಾರಗಳು.

ಮನೆಬಳಕೆಯ ಕಾರಿನ ಆರೈಕೆಯನ್ನು ಕುರಿತು ಕನ್ನಡದಲ್ಲಿ ಒಂದು ಕಿರುಕೈಪಿಡಿಯನ್ನು ಬರೆಯುತ್ತಿದ್ದೇನೆ. ಸಸ್ಪೆನ್ಷನ್ (ಚಕ್ರಗಳನ್ನು ಕಾರಿನ ಮೈಗೆ ಜೋಡಿಸಿ ರಸ್ತೆಯ ಕುಲುಕಾಟವನ್ನು ತಾಳಿಕೊಳ್ಳುವ ಏರ್ಪಾಡು) ಅಧ್ಯಾಯದಲ್ಲಿ ನನಗೆ ತೊಡಕಾದದ್ದು ಭಾಗಗಳ ಹೆಸರಲ್ಲ. ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ಬಳೆ), ಲಿಂಕ್ ರಾಡ್, ಲೋಯರ್ ಆರ್ಮ್ (ಚಕ್ರವನ್ನು ಕೆಳಗಡೆಯಿಂದ ಹಿಡಿದಿರುವ ತೋಳು), ಬಾಲ್ ಜಾಯಿಂಟ್ (ಎಲ್ಲ ಕಡೆಗೂ ಹೊರಳುವ ಗುಂಡುಕೀಲು) ಎಂದರೆ ಯಾವ ಊರಿನ ಗ್ಯಾರೇಜಿನಲ್ಲಾದರೂ ತಿಳಿಯುತ್ತದೆ. ಸಸ್ಪೆನ್ಷನ್ ಎಂಬುದನ್ನು ಕನ್ನಡಿಸಹೊರಟರೆ ಸರ್ಕಾರಿ ನೌಕರರ ಅಮಾನತು ನೆನಪಾಗುವುದರಿಂದ ಅದನ್ನೂ ಹಾಗೆಯೇ ಇರಿಸಿಕೊಂಡಿದ್ದೇನೆ. ತೊಡಕಿರುವುದು ಈ ಭಾಗಗಳು ಸವೆದಾಗ ಹೊರಡುವ ಸದ್ದುಗಳನ್ನು ಹೆಸರಿಸುವಲ್ಲಿ.

ಹೋದ ಮಳೆಗಾಲದಲ್ಲಿ ನಮ್ಮ ಕಾರಿನ ಮುಂದಿನ ಎಡಗಡೆಯಿಂದ ಸದ್ದು ಕೇಳತೊಡಗಿದಾಗ ಮೆಕ್ಯಾನಿಕ್‌ಗೆ ಫೋನಿನಲ್ಲಿ "ಗಡಗಡ ಅಂತಿದೆ" ಎಂದೆ. ಅವರು ಅದನ್ನು ನಡುಕವೆಂದು ತಿಳಿದು ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದರು. ಸದ್ದು ಇದ್ದಂತೆಯೇ ಇತ್ತು. ಅವರು ತಿಳಿದದ್ದರಲ್ಲಿ ತಪ್ಪಿಲ್ಲ. ಚಳಿಗೂ ಹೆದರಿಕೆಗೂ ನಾವು ಗಡಗಡ ನಡುಗುತ್ತೇವೆಯಾದ್ದರಿಂದ ಆ ಪದದಲ್ಲಿ ಸದ್ದಿಗಿಂತ ಅಲುಗಾಟವೇ ಮುಂದಾಗಿ ಕೇಳುತ್ತದೆ. ಮರುವಾರ ಅವರೇ ಪಕ್ಕದಲ್ಲಿ ಕುಳಿತು ಬಂದರು. ಎರಡೂ ಚಕ್ರಗಳು ಒಟ್ಟಿಗೆ ಹತ್ತಿಳಿಯುವ ಹಂಪಿನ ಮೇಲೆ ಕಾರು ಸುಮ್ಮನಿತ್ತು; ರಸ್ತೆಯಂಚಿನ ಮುರುಕಿನಲ್ಲಿ ಎಡಚಕ್ರವೊಂದೇ ಇಳಿದು ಏಳುವಾಗ ಮಾತ್ರ ಸದ್ದು ಬಂತು. "ಇದು ಗಡಗಡ ಅಲ್ಲ ಸಾರ್, ಕಟಕಟ. ಲಿಂಕ್ ರಾಡ್ ಹೋಗಿದೆ" ಎಂದರು. ಎರಡೂ ಚಕ್ರಗಳು ಸಮನಾಗಿ ಏರಿದಾಗ ಸ್ಟೆಬಿಲೈಜರ್ ಬಾರ್ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎಡಬಲ ಚಕ್ರಗಳ ನಡುವೆ ಹಾಕಿರುವ ಸರಳು) ತಿರುಚಿಕೊಳ್ಳುವುದಿಲ್ಲ, ಹಾಗಾಗಿ ಅದಕ್ಕೆ ಕೊಂಡಿಯಾದ ಲಿಂಕ್ ರಾಡಿನ ಮೇಲೂ ಎಳೆತ ಬೀಳುವುದಿಲ್ಲ ಎಂಬುದು ಅವರ ತರ್ಕ. ಕಾರು ನೆಲದ ಮೇಲೆಯೇ ನಿಂತಿರುವಾಗ ಸ್ಟಿಯರಿಂಗನ್ನು ಒಂದು ಪಕ್ಕಕ್ಕೆ ತಿರುಗಿಸಿ, ಚಕ್ರದ ಹಿಂದೆ ಕೈ ತೂರಿಸಿ ರಾಡನ್ನು ಅಲ್ಲಾಡಿಸಿದರೆ, ಕಿವಿಗೆ ಕೇಳುವ ಮೊದಲೇ ಬೆರಳಿಗೆ ಆ ಕಟಕಟ ತಾಗಿತು. ಎರಡೂ ಕಡೆಯ ರಾಡುಗಳನ್ನು ಬದಲಿಸಿದ ಮೇಲೆ ಸದ್ದು ನಿಂತಿತು.

ಅಂದಿನಿಂದ ನನಗನಿಸುತ್ತಿರುವುದೇನೆಂದರೆ, ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿ ಮರೆತ ಪದಗಳಲ್ಲಿ ದೋಷಪತ್ತೆಗೆ ಬೇಕಾದ ಸೂಕ್ಷ್ಮವೆಲ್ಲ ಇದೆ. 'ಟಕ್' ಎಂದರೆ ಒಂದೇ ಸಲ, 'ಟಕ್ ಟಕ್' ಎಂದರೆ ಬಿಡುವು ಕೊಟ್ಟು, 'ಟಕಟಕ' ಎಂದರೆ ಬಿಡುವಿಲ್ಲದೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಬರುವ ಒಂಟಿ 'ಟಕ್' ಸ್ಟ್ರಟ್ಟಿನ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾಗಿರುವ ಕಂಬದ) ಮೇಲ್ತುದಿಯ ಮೌಂಟಿನದಿರಬಹುದು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮುಂದೆ ಸಾಗುವಾಗ ಚಕ್ರದ ಸುತ್ತಿಗೆ ತಕ್ಕಂತೆ ಬರುವ 'ಟಕ್ ಟಕ್' ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಆಕ್ಸೆಲಿನ ಜಾಯಿಂಟಿನದಾಗಿರುವುದೇ ಹೆಚ್ಚು, ಅದಕ್ಕೂ ಸಸ್ಪೆನ್ಷನ್ನಿಗೂ ಸಂಬಂಧವಿಲ್ಲ. ಬ್ರೇಕ್ ಒತ್ತಿದಾಗಲೋ ಗಾಡಿ ಹೊರಟಾಗಲೋ ಕೇಳುವ ಮೊಂಡು ಸದ್ದಿಗೆ, ಅಂದರೆ ಲೋಯರ್ ಆರ್ಮಿನ ಬುಷ್ ಹರಿದಾಗಿನ ಸದ್ದಿಗೆ, 'ದಡ್' ಎಂದು ಬರೆದಿದ್ದೇನೆ. ಇಲ್ಲಿ 'ನೆ' ಸೇರಿಸುವಾಗ ಎಚ್ಚರ ಬೇಕು. 'ಥಟ್ಟನೆ ಉತ್ತರಿಸಿದಳು' ಎಂದಾಗ ಯಾವ ಸದ್ದೂ ಆಗಿರುವುದಿಲ್ಲ.

ಇನ್ನೊಂದು ತೊಡಕು 'ಕಿರಿಕಿರಿ'. ಒಣಗಿದ ರಬ್ಬರ್ ಬುಷ್ ಹಂಪಿನ ಮೇಲೆ ನಿಧಾನವಾಗಿ ತಿರುಚಿಕೊಳ್ಳುವಾಗ ಬರುವ ಸದ್ದಿಗೆ ಇದಕ್ಕಿಂತ ಒಪ್ಪುವ ಪದವಿರಲಿಲ್ಲ, ಆದರೆ ಇಂದು ಅದರ ಅರ್ಥ ತೊಂದರೆ, ಬೇಸರ ಎಂದಷ್ಟೇ ಆಗಿದೆ. "ಕಾರು ಕಿರಿಕಿರಿ ಮಾಡುತ್ತಿದೆ" ಎಂದರೆ ಓದುಗನಿಗೆ ಏನೂ ಕೇಳಿಸುವುದಿಲ್ಲ. 'ಕಿರುಗುಟ್ಟು' ಎಂಬ ಕ್ರಿಯಾಪದವನ್ನು ಬಳಸಿದ್ದೇನೆ. ಬಾಗಿಲಿಗೆ ಒಪ್ಪಿದ್ದು ಬುಷ್‌ಗೂ ಒಪ್ಪೀತೆಂಬ ನಂಬಿಕೆ. (ಎತ್ತಿನ ಗಾಡಿಯ ಕೀಲೆಣ್ಣೆಯ ನೆನಪಿನಿಂದಲೋ ಏನೋ, ಕಿರುಗುಟ್ಟುವ ಬುಷ್‌ಗೆ ಎಂಜಿನ್ ಆಯಿಲ್ ಸುರಿಯುವವರಿದ್ದಾರೆ. ಸಾಮಾನ್ಯ ರಬ್ಬರ್ ಅದರಿಂದ ಉಬ್ಬಿ ಮೆತ್ತಗಾಗಿ ಬೇಗ ಹಾಳಾಗುತ್ತದೆ. ಬುಷ್ ಬದಲಿಸುವುದೇ ಸರಿ.)

ನನ್ನ ಪ್ರಶ್ನೆಗಳು ಇಷ್ಟು. ಸವೆದ ಬಾಲ್ ಜಾಯಿಂಟಿನಲ್ಲಿ ಉಂಟಾಗುವ ಸಡಿಲವನ್ನು ಗ್ಯಾರೇಜಿನವರು 'ಪ್ಲೇ ಇದೆ' ಎನ್ನುತ್ತಾರೆ. ಇದಕ್ಕೆ 'ಆಟ' ಎಂದು ಬರೆದರೆ ಸಹಜವಾಗುತ್ತದೆಯೇ, ಅಥವಾ 'ಅಲ್ಲಾಟ' ಎಂಬುದೇ ಮೇಲೇ? 'ಅಲ್ಲಾಟ'ದಲ್ಲಿ ಕಣ್ಣಿಗೆ ಕಾಣುವಷ್ಟು ಚಲನೆಯ ಸೂಚನೆಯಿದೆ, ಜಾಯಿಂಟಿನಲ್ಲಿರುವುದೋ ಒಂದೆರಡು ಮಿಲಿಮೀಟರ್ ಮಾತ್ರ. 'ಲೊಡಲೊಡ' ಎಂಬುದು ನಿಮ್ಮ ಕಡೆ ಸಡಿಲ ವಸ್ತುವಿನ ಸದ್ದಾಗಿ ಬಳಕೆಯಲ್ಲಿದೆಯೇ, ಇಲ್ಲವೇ ಬರಿಯ ಹರಟೆಗೆ ಸೀಮಿತವೇ? ಲಾರಿಯ ಪಟ್ಟಿಸ್ಪ್ರಿಂಗನ್ನು 'ಕಮಾನು' ಎನ್ನುವವರಿದ್ದಾರೆ. ಕಾರಿನ ಸುರುಳಿ ಸ್ಪ್ರಿಂಗಿಗೂ ಆ ಮಾತನ್ನು ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಉತ್ತರ ಕರ್ನಾಟಕ ಮತ್ತು ಕರಾವಳಿಯ ಬಳಕೆಯನ್ನು ಬಲ್ಲವರು ವಾಕ್ಯದ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.