ತಲೆಸುತ್ತಿಗೆ ಒಳಕಿವಿಯ ಶಸ್ತ್ರಚಿಕಿತ್ಸೆ: ಈಗಲೇ ಮಾಡಿಸಬೇಕೇ?

ಪ್ರಶ್ನೆ (ಪೆರ್ಲ ಕಡೆಯ ಶಾಲಾ ಶಿಕ್ಷಕಿ, ವಯಸ್ಸು 47)

ಡಾಕ್ಟರಿಗೆ ನಮಸ್ಕಾರ. ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಎಡಗಿವಿಗೆ ಮೆನಿಯರ್ ಕಾಯಿಲೆ ಎಂದು ನಾಲ್ಕು ವರ್ಷಗಳಿಂದ ಚಿಕಿತ್ಸೆ ನಡೆಯುತ್ತಿದೆ. ಮೊದಲು ಕಿವಿ ಕಟ್ಟಿದಂತಾಗುತ್ತದೆ, ಒಳಗೆ ಗುಂಯ್ ಎಂಬ ಸದ್ದು ಏರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಕೋಣೆ ಗರಗರ ತಿರುಗತೊಡಗುತ್ತದೆ. ಎರಡು ಮೂರು ಗಂಟೆ ಬಾಲ್ದಿ ಪಕ್ಕದಲ್ಲಿಟ್ಟುಕೊಂಡು ಮಲಗಿರಬೇಕು. ಆಗ ನನ್ನ ಕಣ್ಣಾಲಿಗಳು ಒಂದೇ ಬದಿಗೆ ಎಳೆದೆಳೆದು ಹಾರುತ್ತವೆ ಎಂದು ಯಜಮಾನರು ಹೇಳುತ್ತಾರೆ. ತಿಂಗಳಿಗೊಮ್ಮೆ ಬರುತ್ತಿದ್ದುದು ಈಗ ವಾರಕ್ಕೊಮ್ಮೆ ಬರುತ್ತಿದೆ.

ಬೀಟಾಹಿಸ್ಟಿನ್ 16 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಜೊತೆಗೆ ಸಿನ್ನರಿಜಿನ್ ಒಂದು ವರ್ಷದಿಂದ ದಿನವೂ ತೆಗೆದುಕೊಳ್ಳುತ್ತಿದ್ದೇನೆ. ಎಂಆರ್‌ಐಯಲ್ಲಿ ತೊಂದರೆಯಿಲ್ಲ. ಶ್ರವಣ ಪರೀಕ್ಷೆಯಲ್ಲಿ ಎಡಗಿವಿ 45 ಡೆಸಿಬೆಲ್, ಮಾತು ಗುರುತಿಸುವಿಕೆ ಶೇ. 72 ಎಂದಿದೆ; ಬಲಗಿವಿ ಸರಿ ಇದೆ. ಮಂಗಳೂರಿನಲ್ಲಿ ಒಬ್ಬರು ಒಳಕಿವಿಯನ್ನು ತೆಗೆದುಬಿಟ್ಟರೆ ತಲೆಸುತ್ತು ಪೂರ್ತಿ ನಿಲ್ಲುತ್ತದೆ ಎಂದರು. ಇನ್ನೊಬ್ಬರು ನರ ಕತ್ತರಿಸಬೇಕು ಎಂದರು. ಮಾರ್ಚ್ ಪರೀಕ್ಷೆ ಮುಗಿಸಿ, ರಜೆಯಲ್ಲಿ ಮಾಡಿಸಿಕೊಂಡು, ಜೂನ್‌ಗೆ ಶಾಲೆಗೆ ಹೋಗಬಹುದೇ? ಇದೊಂದು ನಿಂತರೆ ಸಾಕು, ಯಾವುದಾದರೂ ಸರಿ ಎನ್ನುವಷ್ಟು ಬೇಸತ್ತಿದ್ದೇನೆ.

ಉತ್ತರ (ಕಿವಿ, ಮೂಗು, ಗಂಟಲು ತಜ್ಞರು)

ಟೀಚರೇ, ‘ಯಾವುದಾದರೂ ಸರಿ’ ಎನ್ನುವ ಮನಃಸ್ಥಿತಿಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ನಿಮಗೆ ಹೇಳಿರುವ ಎರಡೂ ಶಸ್ತ್ರಚಿಕಿತ್ಸೆಗಳು ಬೇರೆ ಬೇರೆ, ಅವು ಕಸಿದುಕೊಳ್ಳುವುದೂ ಬೇರೆ ಬೇರೆ.

ಮೊದಲು ಒಂದು ವಿಷಯ. ಒಳಕಿವಿಯ ದ್ರವ ಉಬ್ಬುವ ಈ ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕುವ ಶಸ್ತ್ರಚಿಕಿತ್ಸೆ ಯಾವುದೂ ಇಲ್ಲ. ಪ್ಯಾರಿಸಿನ ಪ್ರಾಸ್ಪರ್ ಮೆನಿಯರ್ 1861ರಲ್ಲಿ ಈ ಬಗೆಯ ತಲೆಸುತ್ತು ಕಿವಿಯಿಂದ ಬರುತ್ತದೆ, ಮೆದುಳಿನ ದೋಷದಿಂದಲ್ಲ ಎಂದು ತೋರಿಸಿದರು. ಅಂದಿನಿಂದ ಇಂದಿನವರೆಗೆ ನಾವು ಮಾಡುತ್ತಿರುವುದು ಆ ಕಿವಿಯನ್ನು ಸಮಾಧಾನಪಡಿಸುವುದು, ಆಗದಿದ್ದರೆ ಅದರ ಬಾಯಿ ಮುಚ್ಚಿಸುವುದು. ಬಾಯಿ ಮುಚ್ಚಿಸಿದರೆ ಏಕೆ ಗುಣ ಕಾಣುತ್ತದೆ ಎಂದು ಹಲವರು ಕೇಳುತ್ತಾರೆ. ಕಂಬಳದ ಜೋಡಿಯಲ್ಲಿ ಒಂದು ಕೋಣ ಸದಾ ನಿಧಾನವಾಗಿದ್ದರೆ ಓಡಿಸುವವನು ಅದಕ್ಕೆ ಹೊಂದಿಕೊಂಡಾನು. ಒಮ್ಮೆ ಓಡಿ ಒಮ್ಮೆ ಅಡ್ಡ ನಿಲ್ಲುವ ಕೋಣ ಕಟ್ಟಿಕೊಂಡರೆ ಗತಿಯಿಲ್ಲ. ಮೆದುಳೂ ಹಾಗೆಯೇ. ಒಂದು ಬದಿಯ ಸಮತೋಲನದ ಸಂಕೇತ ಶಾಶ್ವತವಾಗಿ ನಿಂತರೆ ಇನ್ನೊಂದು ಬದಿಯನ್ನು ನಂಬಿ ನಡೆಯಲು ಕಲಿಯುತ್ತದೆ. ಏರಿಳಿಯುವ ಸಂಕೇತಕ್ಕೆ ಮಾತ್ರ ಒಗ್ಗುವುದಿಲ್ಲ.

ಈಗ ಒಳಕಿವಿ ತೆಗೆಯುವ ವಿಚಾರ. ಕಿವಿಯ ಹಿಂಬದಿಯ ಎಲುಬನ್ನು ಕೊರೆದು ಸಮತೋಲನದ ನಾಳಗಳನ್ನು ತೆಗೆದುಹಾಕುತ್ತಾರೆ. ಆ ಕಿವಿಯ ತಲೆಸುತ್ತು ಬಹುಪಾಲು ಎಲ್ಲರಿಗೂ ನಿಲ್ಲುತ್ತದೆ, ಅದು ನಿಜ. ಆದರೆ ಆ ಕಿವಿಯ ಶ್ರವಣವೂ ಅಂದೇ ಹೋಗುತ್ತದೆ. 50 ಡೆಸಿಬೆಲ್‌ಗಿಂತ ಒಳಗೆ, ಮಾತು ಗುರುತಿಸುವಿಕೆ ಶೇ. 50ಕ್ಕಿಂತ ಮೇಲೆ ಇದ್ದರೆ ಅದನ್ನು ಉಪಯೋಗಕ್ಕೆ ಬರುವ ಕಿವಿ ಎಂದು ನಾವು ಸಾಮಾನ್ಯವಾಗಿ ಲೆಕ್ಕ ಹಾಕುತ್ತೇವೆ. ಡೆಸಿಬೆಲ್ ಅಂಕಿ ಏರಿದಷ್ಟೂ ಕಿವಿ ಮಂದ ಎಂದರ್ಥ. ನಿಮ್ಮದು 45 ಮತ್ತು 72. ನಲವತ್ತು ಮಕ್ಕಳ ಗದ್ದಲದಲ್ಲಿ ಯಾವ ಬೆಂಚಿನಿಂದ ಯಾರು ಕರೆದರು ಎಂದು ತಿಳಿಯಲು ಎರಡೂ ಕಿವಿ ಬೇಕು. ಇಂಥ ಕಿವಿಯನ್ನು ಈ ಹಂತದಲ್ಲಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಬಲಗಿವಿ. ಮೆನಿಯರ್ ಒಂದೇ ಕಿವಿಯಲ್ಲಿ ಶುರುವಾದರೂ ಕಾಲಕ್ರಮೇಣ ಕೆಲವರಿಗೆ ಇನ್ನೊಂದಕ್ಕೂ ಬರುತ್ತದೆ. ಎಡಗಿವಿ ತೆಗೆದು ಐದು ವರ್ಷಕ್ಕೆ ಬಲಗಿವಿಯೂ ಕೈಕೊಟ್ಟರೆ ಏನು ಮಾಡುವುದು ಎಂಬುದನ್ನು ಕತ್ತಿ ಹಿಡಿಯುವ ಮೊದಲೇ ಯೋಚಿಸಬೇಕು.

ನರ ಕತ್ತರಿಸುವ ಶಸ್ತ್ರಚಿಕಿತ್ಸೆಯಲ್ಲಿ ಶ್ರವಣದ ನರವನ್ನು ಬಿಟ್ಟು ಸಮತೋಲನದ ನರವನ್ನು ಮಾತ್ರ ತುಂಡರಿಸುತ್ತಾರೆ. ಶ್ರವಣ ಸಾಮಾನ್ಯವಾಗಿ ಉಳಿಯುತ್ತದೆ, ತಲೆಸುತ್ತೂ ಹತ್ತರಲ್ಲಿ ಒಂಬತ್ತು ಮಂದಿಗೆ ಹತೋಟಿಗೆ ಬರುತ್ತದೆ. ಆದರೆ ತಲೆಬುರುಡೆ ತೆರೆಯಬೇಕು. ಮುಖನರ ಅಲ್ಲೇ ಪಕ್ಕದಲ್ಲಿದೆ. ಮೆದುಳಿನ ಸುತ್ತಲಿನ ದ್ರವ ಸೋರುವ ಅಪಾಯವಿದೆ, ಸೋಂಕಿನ ಅಪಾಯವಿದೆ. ಕಿವಿ ತಜ್ಞರೂ ನರ ಶಸ್ತ್ರಚಿಕಿತ್ಸಕರೂ ಜೊತೆಯಾಗಿ ಇದನ್ನು ಮಾಡಿ ರೂಢಿಯಿರುವಲ್ಲಿ ಮಾತ್ರ ಹೋಗಿ. ‘ಇಂಥವನ್ನು ನೀವು ಎಷ್ಟು ಮಾಡಿದ್ದೀರಿ’ ಎಂದು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರಾದರೆ ಎದ್ದು ಬನ್ನಿ.

ಮೂರನೆಯದೊಂದಿದೆ, ಒಳಕಿವಿಯ ದ್ರವದ ಚೀಲದ ಒತ್ತಡ ಇಳಿಸುವುದು. 1920ರ ದಶಕದಿಂದ ನಡೆದುಬಂದದ್ದು, ಶ್ರವಣಕ್ಕೆ ಅಪಾಯ ಕಡಿಮೆ. 1981ರಲ್ಲಿ ಡೆನ್ಮಾರ್ಕಿನವರು ಇದನ್ನು ಮಾಡಿಸಿಕೊಂಡವರನ್ನು, ಚೀಲವನ್ನು ಮುಟ್ಟದೆ ಬರೀ ಎಲುಬು ಕೊರೆಸಿಕೊಂಡವರೊಂದಿಗೆ ಹೋಲಿಸಿ ನೋಡಿದರು. ಎರಡು ಗುಂಪಿಗೂ ಹೆಚ್ಚುಕಡಿಮೆ ಒಂದೇ ಗುಣ ಕಂಡಿತು. ವಾದ ಇನ್ನೂ ಮುಗಿದಿಲ್ಲ. ನಾನು ಇದರ ಅಭಿಮಾನಿಯಲ್ಲ.

ನೀವು ಬರೆದುದರಲ್ಲಿ ಇಲ್ಲದಿರುವುದು ಚುಚ್ಚುಮದ್ದು. ಕಿವಿತಮಟೆಯನ್ನು ಮರಗಟ್ಟಿಸಿ, ಸಣ್ಣ ಸೂಜಿಯಿಂದ ನಡುಗಿವಿಗೆ ಸ್ಟಿರಾಯ್ಡ್ ಬಿಡುತ್ತಾರೆ. ಆ ಕಿವಿ ಮೇಲಾಗಿರುವಂತೆ ಅರ್ಧ ಗಂಟೆ ಮಲಗಬೇಕು, ಮಾತಾಡಬಾರದು, ಆದಷ್ಟು ಉಗುಳು ನುಂಗಬಾರದು. ನುಂಗಿದರೆ ಮದ್ದು ಗಂಟಲಿಗೆ ಇಳಿದುಹೋಗುತ್ತದೆ. ಅದರಿಂದ ಆಗದಿದ್ದರೆ ಜೆಂಟಾಮೈಸಿನ್ ಬಿಡುತ್ತಾರೆ. ಅದು ಸಮತೋಲನದ ಜೀವಕೋಶಗಳನ್ನು ಕುಗ್ಗಿಸುತ್ತದೆ, ಅಂದರೆ ಕತ್ತಿಯಿಲ್ಲದೆ ಅರ್ಧ ಶಸ್ತ್ರಚಿಕಿತ್ಸೆ. ಕೆಲವರಿಗೆ ಶ್ರವಣ ಇನ್ನಷ್ಟು ಇಳಿಯುತ್ತದೆ. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 60 ಮಂದಿಗೆ ಈ ಎರಡು ಮದ್ದುಗಳಲ್ಲಿ ಒಂದನ್ನು ಕೊಟ್ಟು ನೋಡಿದಾಗ ತಲೆಸುತ್ತು ತಗ್ಗಿದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮ್ಮಂಥ ಕಿವಿಗೆ ಮೊದಲು ಸ್ಟಿರಾಯ್ಡ್ ಎಂಬುದೇ ನನ್ನ ಮತ.

ಸಿನ್ನರಿಜಿನ್ ದಿನವೂ ಏಕೆ? ತಲೆಸುತ್ತು ಬಂದಾಗ ಒಂದೆರಡು ದಿನಕ್ಕೆ ಸರಿ. ವರ್ಷಗಟ್ಟಲೆ ತಿಂದರೆ ಮೆದುಳು ಹೊಂದಿಕೊಳ್ಳುವುದನ್ನು ಅದೇ ತಡೆಯುತ್ತದೆ, ಕೆಲವರಿಗೆ ಕೈನಡುಕವೂ ಬರುತ್ತದೆ. ನಿಮ್ಮ ವೈದ್ಯರಲ್ಲಿ ಕೇಳಿ ಇಳಿಸಿಕೊಳ್ಳಿ. ಬೀಟಾಹಿಸ್ಟಿನ್ ಬಗ್ಗೆ ಜರ್ಮನಿಯಲ್ಲಿ 221 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಬರೀ ಹುಸಿ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ನಿಮಗೆ ಒಳ್ಳೆಯದೆನಿಸಿದರೆ ಮುಂದುವರಿಸಿ, ಅದರ ಮೇಲೆ ಭಾರ ಹಾಕಬೇಡಿ.

ಎರಡು ವಿಷಯ ತಿಳಿಸಿ. ತಲೆಸುತ್ತಿನ ಜೊತೆ ತಲೆನೋವು, ಬೆಳಕು ಕಂಡರೆ ಹಿಂಸೆ ಇದೆಯೇ? ಮೈಗ್ರೇನ್ ಕೂಡ ಇದೇ ವೇಷ ಹಾಕಿ ಬರುತ್ತದೆ, ಅದಕ್ಕೆ ಕಿವಿಯನ್ನು ಮುಟ್ಟಬಾರದು. ಮತ್ತೆ, ಯಾವಾಗಲಾದರೂ ಬಿದ್ದಿದ್ದೀರಾ?

ಶಿಕ್ಷಕಿ

ತಲೆನೋವು ಇಲ್ಲ, ಬೆಳಕಿನಿಂದ ತೊಂದರೆಯೂ ಇಲ್ಲ. ಬಿದ್ದದ್ದು ಹೌದು. ಓಣಂ ರಜೆ ಮುಗಿದು ಶಾಲೆ ತೆರೆದ ವಾರ ಜಗಲಿಯಲ್ಲಿ ನಡೆಯುತ್ತಿದ್ದಾಗ ಯಾರೋ ಹಿಂದಿನಿಂದ ದೂಡಿದಂತಾಗಿ ಮೊಣಕಾಲೂರಿ ಬಿದ್ದೆ. ತಲೆ ತಿರುಗಿರಲಿಲ್ಲ, ಪ್ರಜ್ಞೆಯೂ ತಪ್ಪಿರಲಿಲ್ಲ. ಕೂಡಲೇ ಎದ್ದು ತರಗತಿಗೆ ಹೋದೆ. ಕಳೆದ ತಿಂಗಳು ತೋಟದಲ್ಲೂ ಹಾಗೇ ಆಯಿತು. ಕಾಲು ಜಾರಿತು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಉತ್ತರ

ಇದನ್ನು ಹೇಳಿದ್ದು ಒಳ್ಳೆಯದಾಯಿತು, ಇದರಿಂದ ನನ್ನ ಸಲಹೆಯ ಅರ್ಧ ಭಾಗ ಬದಲಾಗುತ್ತದೆ. ಮೆನಿಯರ್ ಇರುವ ಕೆಲವರಲ್ಲಿ ಒಳಕಿವಿ ಒಮ್ಮೆಲೇ ತಪ್ಪು ಸಂಕೇತ ಕೊಟ್ಟು ಕಾಲಿನ ಬಲವೇ ಹೋದಂತೆ ಕೆಡಹುತ್ತದೆ. ಟುಮಾರ್ಕಿನ್ ಎಂಬ ವೈದ್ಯರು 1936ರಲ್ಲಿ ವಿವರಿಸಿದ್ದು. ಮುನ್ಸೂಚನೆ ಇರುವುದಿಲ್ಲ. ತಲೆಸುತ್ತಾದರೆ ಕಿವಿ ಕಟ್ಟಿದಾಗ ಕುಳಿತುಕೊಳ್ಳಲು ಸಮಯ ಸಿಗುತ್ತದೆ. ಇದರಲ್ಲಿ ಕೆರೆಯ ದಂಡೆಯಲ್ಲಿದ್ದರೆ ಕೆರೆಗೇ.

ಒಂದು ಇಸಿಜಿ, ಹೃದಯದ ತಪಾಸಣೆ ಮೊದಲು ಮಾಡಿಸಿ. ಪ್ರಜ್ಞೆ ತಪ್ಪಿಲ್ಲದಿದ್ದರೂ ಹೃದಯದ ಲಯ ಸರಿಯಿದೆ ಎಂದು ಖಚಿತವಾಗಬೇಕು. ಅದು ಸರಿಯಿದ್ದರೆ ಸ್ಟಿರಾಯ್ಡ್ ಕೊಟ್ಟು ತಿಂಗಳುಗಟ್ಟಲೆ ಕಾದು ನೋಡುವ ಪುರುಸೊತ್ತು ಇಲ್ಲ. ಒಂದೆರಡು ಬಾರಿ ಕೊಟ್ಟ ಮೇಲೂ ಬೀಳುವುದು ನಿಲ್ಲದಿದ್ದರೆ ಜೆಂಟಾಮೈಸಿನ್‌ಗೆ ಹೋಗುವುದನ್ನು ಈಗಲೇ ಮಾತಾಡಿಕೊಳ್ಳಿ. ಅದೂ ಸೋತರೆ ನರ ಕತ್ತರಿಸುವುದು. ಒಳಕಿವಿ ತೆಗೆಯುವುದು ಶ್ರವಣ ತಾನಾಗಿ ಹೋದ ಮೇಲಿನ ಮಾತು.

ಕುಂಬಳೆಯ ಹಿರಿಯ ಸದಸ್ಯರು

ಡಾಕ್ಟರೇ, ನನಗೆ ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದರೆ ಮಾಡು ತಿರುಗುತ್ತದೆ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ನನಗೂ ಶಸ್ತ್ರಚಿಕಿತ್ಸೆ ಬೇಕಾದೀತೇ?

ಉತ್ತರ

ಬೇಡ ಮಾವ. ಹೆಚ್ಚಾಗಿ ಅದು ಒಳಕಿವಿಯ ಸಣ್ಣ ಹರಳುಗಳು ಜಾರಿ ನಾಳದೊಳಗೆ ಸೇರಿದ್ದು. ತಲೆಯನ್ನು ಕ್ರಮವಾಗಿ ತಿರುಗಿಸಿ ಮಲಗಿಸುವ ಎಪ್ಲಿ ವಿಧಾನದಿಂದ ಒಂದೆರಡು ಭೇಟಿಯಲ್ಲೇ ಸರಿಹೋಗುತ್ತದೆ. ಹತ್ತಿರದ ಕಿವಿ ತಜ್ಞರಲ್ಲಿಗೆ ಹೋಗಿ. ಕತ್ತು ನೋವಿದ್ದರೆ ಮೊದಲೇ ಹೇಳಿ.

ಮುಳ್ಳೇರಿಯದ ಸದಸ್ಯೆ

ಟೀಚರೇ, ನಮ್ಮ ಭಾವನಿಗೆ ಜೆಂಟಾಮೈಸಿನ್ ಕೊಟ್ಟಿದ್ದರು. ಸೂಜಿ ಚುಚ್ಚಿದಂದು ಏನೂ ಆಗಲಿಲ್ಲ. ಕೆಲವು ದಿನ ಕಳೆದ ಮೇಲೆ ದೋಣಿಯಲ್ಲಿ ನಿಂತಂತೆ ಓಲಾಡತೊಡಗಿದರು. ಮದ್ದು ಹೆಚ್ಚಾಯಿತೆಂದು ಮನೆಯವರೆಲ್ಲ ಹೆದರಿದ್ದೆವು. ಈಗ ಆ ಹಳೆಯ ತಲೆಸುತ್ತು ಇಲ್ಲ. ಕತ್ತಲಲ್ಲಿ ಅಂಗಳಕ್ಕೆ ಇಳಿಯುವಾಗ ಮಾತ್ರ ಟಾರ್ಚ್ ಬೇಕೇ ಬೇಕು. ಕಿವಿಯ ಸದ್ದು ಹಾಗೇ ಇದೆ.

ಉತ್ತರ

ಮದ್ದು ಕೆಲಸ ಮಾಡುತ್ತಿರುವುದರ ಲಕ್ಷಣವೇ ಆ ಓಲಾಟ. ಸದ್ದಿನ ವಿಷಯವನ್ನೂ ಎಲ್ಲರೂ ತಿಳಿದಿರಲಿ: ಚುಚ್ಚುಮದ್ದಾಗಲಿ ಶಸ್ತ್ರಚಿಕಿತ್ಸೆಯಾಗಲಿ ಗುಂಯ್‌ಗುಡುವುದನ್ನು ನಿಲ್ಲಿಸುವ ಭರವಸೆ ಕೊಡುವುದಿಲ್ಲ, ಇಳಿದ ಶ್ರವಣವನ್ನು ಮರಳಿ ತರುವುದೂ ಇಲ್ಲ.

ಶಿಕ್ಷಕಿ

ಹಾಗಾದರೆ ರಜೆಯ ಲೆಕ್ಕ ಸರಿಯಾದೀತೇ? ಊಟದಲ್ಲಿ ಪಥ್ಯವಿದೆಯೇ? ಮೆಡಿಸೆಪ್ (ಕೇರಳ ಸರಕಾರಿ ನೌಕರರ ಆರೋಗ್ಯ ವಿಮೆ) ಕಾರ್ಡ್ ಇದೆ, ಮಂಗಳೂರಿನಲ್ಲಿ ನಡೆಯುತ್ತದೆಯೇ?

ಉತ್ತರ

ಕಾರ್ಡಿನ ಮಾತು ಮೊದಲು: ನೀವು ಹೋಗುವ ಆಸ್ಪತ್ರೆ ಅದರ ಪಟ್ಟಿಯಲ್ಲಿದೆಯೇ, ಈ ಚಿಕಿತ್ಸೆ ಸೇರಿದೆಯೇ ಎಂದು ದಾಖಲಾಗುವ ಮೊದಲೇ ಅಲ್ಲಿನ ವಿಮೆ ಕೌಂಟರಿನಲ್ಲಿ ವಿಚಾರಿಸಿ. ಚುಚ್ಚುಮದ್ದು ಒಳರೋಗಿಯಾಗದೆ ಆಗುವಂಥದ್ದು, ಅದಕ್ಕೆ ಹಣ ಸಿಗುತ್ತದೆಯೇ ಎಂದು ಪ್ರತ್ಯೇಕವಾಗಿ ಕೇಳಿ.

ರಜೆಗೆ ಕಾಯುವುದು ನರದ ಶಸ್ತ್ರಚಿಕಿತ್ಸೆಗಾದರೆ ಜಾಣತನ, ಚುಚ್ಚುಮದ್ದಿಗೆ ಕಾಯಬೇಡಿ. ನರ ಕತ್ತರಿಸಿದ ಮೊದಲ ಕೆಲವು ದಿನ ನಿಮ್ಮ ಈಗಿನ ತಲೆಸುತ್ತಿಗಿಂತಲೂ ಜೋರಾಗಿರುತ್ತದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆಮೇಲೆ ಗೋಡೆ ಹಿಡಿದು ನಡಿಗೆ, ಆಮೇಲೆ ವ್ಯಾಯಾಮ. ಗೋಡೆಗೆ ಒಂದು ದೊಡ್ಡ ಅಕ್ಷರ ಅಂಟಿಸಿ, ಅದರ ಮೇಲಿನ ದೃಷ್ಟಿ ಕದಲದಂತೆ ತಲೆಯನ್ನು ಎಡಬಲಕ್ಕೆ ಆಡಿಸಬೇಕು. ಬೇಸರ ಬರಿಸುವ ಕೆಲಸ, ಆದರೆ ಶಸ್ತ್ರಚಿಕಿತ್ಸೆಯ ಫಲ ನಿಂತಿರುವುದೇ ಅದರ ಮೇಲೆ. ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ನಿಮ್ಮ ವಯಸ್ಸು ಅನುಕೂಲಕರ. ಏಪ್ರಿಲ್ ಮೊದಲ ವಾರ ಆದರೆ ಜೂನ್‌ನಲ್ಲಿ ತರಗತಿಯಲ್ಲಿ ನಿಲ್ಲಬಹುದು. ಮಳೆಗಾಲದ ಪಾಚಿ ಹಿಡಿದ ದಾರಿ, ಅಡಿಕೆ ಮರದ ಸಂಕ ದಾಟುವುದು ಆಗಲೇ ಬೇಡ.

ಊಟದಲ್ಲಿ ಉಪ್ಪು. ಇದಕ್ಕೆ ಪುರಾವೆ ಗಟ್ಟಿಯಿಲ್ಲ, ಆದರೆ ನಷ್ಟವೂ ಇಲ್ಲ. ದಿನವಿಡೀ ಒಂದು ಟೀ ಚಮಚದೊಳಗೆ ಇರಲಿ. ನಮ್ಮ ಮನೆಗಳಲ್ಲಿ ಉಪ್ಪು ಸಾರಿನಲ್ಲಿಲ್ಲ. ಗಂಜಿಯ ಪಕ್ಕದ ಮಾವಿನ ಮಿಡಿಯಲ್ಲಿ, ಹಪ್ಪಳದಲ್ಲಿ, ಮಳೆಗಾಲಕ್ಕೆಂದು ಭರಣಿಯಲ್ಲಿಟ್ಟ ಹಲಸಿನ ಉಪ್ಪುಸೊಳೆಯಲ್ಲಿದೆ. ಸೊಳೆಯನ್ನು ನೀರಲ್ಲಿ ನೆನೆಸಿ ಹಿಂಡಿದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ಒಂದು ದಿನ ಬಿಟ್ಟು ಮರುದಿನ ಹಬ್ಬದೂಟ ಮಾಡುವುದಕ್ಕಿಂತ ದಿನವೂ ಒಂದೇ ಪ್ರಮಾಣದಲ್ಲಿ ಕಡಿಮೆ ತಿನ್ನುವುದು ಮೇಲು.

ಶಿಕ್ಷಕಿ

ಗುರುವಾರ ವೈದ್ಯರನ್ನು ಕಾಣಲು ಸಮಯ ಸಿಕ್ಕಿದೆ. ಅಲ್ಲಿಯವರೆಗೆ ಶಾಲೆಗೆ ಸ್ಕೂಟರಿನಲ್ಲೇ ಹೋಗಬಹುದೇ ಎಂದು ಯಜಮಾನರು ಕೇಳುತ್ತಿದ್ದಾರೆ.

ಉತ್ತರ

ಇಲ್ಲ. ಬೀಳುವುದು ನಿಂತಿದೆ ಎಂದು ನಿಮ್ಮ ವೈದ್ಯರು ಹೇಳುವವರೆಗೆ ಸ್ಕೂಟರ್ ಮುಟ್ಟಬೇಡಿ. ಅವರೇ ಬಿಟ್ಟು ಬರಲಿ. ಬಸ್ಸಾದರೆ ಬಾಗಿಲ ಬಳಿ ನಿಲ್ಲಬೇಡಿ, ಸೀಟು ಕೇಳಿ ಪಡೆದುಕೊಳ್ಳಿ. ಗುರುವಾರ ಹಳೆಯ ಶ್ರವಣ ಪರೀಕ್ಷೆಯ ಹಾಳೆಗಳನ್ನೆಲ್ಲ ಒಯ್ಯಿರಿ. ನಾಲ್ಕು ವರ್ಷಗಳಲ್ಲಿ ಗೆರೆ ಎಷ್ಟು ಇಳಿದಿದೆ ಎಂದು ನೋಡದೆ ಯಾರೂ ಸರಿಯಾದ ತೀರ್ಮಾನ ಹೇಳಲಾರರು. ಬಿದ್ದ ಎರಡೂ ಸಂದರ್ಭಗಳನ್ನು ಅವರು ಕೇಳದಿದ್ದರೂ ನೀವೇ ಹೇಳಿ.