ಬೆಳಗ್ಗೆ ಹೇಗೋ ಸ್ಟಾರ್ಟ್, ಬಿಸಿಯಾದರೆ ಬರೀ ‘ಟಕ್’: ಹಳೇ 407ರ ಸೆಲ್ಫ್ ಸಮಸ್ಯೆ

ಬದಿಯಡ್ಕ407:
ನಮಸ್ಕಾರ. ನನ್ನದು 1998ರ ಟಾಟಾ 407. ನೀರ್ಚಾಲು ಕಡೆಯ ಕೋರೆಯಿಂದ ಮುರಕಲ್ಲು ಸಾಗಿಸುತ್ತೇನೆ. ಅಡಿಕೆ ಬಾಡಿಗೆ ಸಿಕ್ಕಿದರೆ ಮಂಗಳೂರಿಗೂ ಹೋಗುತ್ತೇನೆ. ಗಾಡಿ ಬೆಳಗ್ಗೆ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ಉದಾಸೀನದಲ್ಲಿ ತಿರುಗುತ್ತದೆ, ಆದರೆ ಹಿಡಿಯುತ್ತದೆ. ಎರಡು ಟ್ರಿಪ್ ಹೊಡೆದು, ಚಾ ಕುಡಿದು ಬಂದು ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು. ಅಷ್ಟೇ. ಕೆಲವು ಸಲ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಮುಕ್ಕಾಲು ಗಂಟೆ ಬಿಟ್ಟರೆ ಪುನಃ ಸರಿ.

ಇಷ್ಟರವರೆಗೆ ಹೊಸ ಬ್ಯಾಟರಿ ಹಾಕಿಸಿದೆ. ಸೆಲ್ಫ್, ಅಂದರೆ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು ಇಳಿಸಿ, ಅದರೊಳಗೆ ಸವೆಯುವ ಕಾರ್ಬನ್, ಬುಶ್ ಹೊಸತು ಹಾಕಿಸಿದೆ. ಹತ್ತು ದಿನ ಅಡ್ಡಿಯಿಲ್ಲ ಅನಿಸಿತು, ಆಮೇಲೆ ಅದೇ ರಾಗ. ಈಗ ‘ಸೆಲ್ಫ್ ಇಡೀ ಬದಲಿಸಿ’ ಅನ್ನುತ್ತಾರೆ. ಕಲ್ಲು ಹೇರಿದ ಗಾಡಿಯನ್ನು ತಳ್ಳಲು ಜನ ಎಲ್ಲಿಂದ ತರುವುದು ಮಾರಾಯ್ರೇ? ಇಳಿಜಾರು ನೋಡಿಯೇ ನಿಲ್ಲಿಸುವ ಅಭ್ಯಾಸ ಆಗಿದೆ. ಮೊನ್ನೆ ಕುಂಬಳೆಯಲ್ಲಿ ಇಳಿಜಾರು ಹುಡುಕುತ್ತಾ ಎಷ್ಟು ಮುಂದೆ ಹೋದೆ ಅಂದರೆ, ನಡೆದು ವಾಪಸ್ ಚಾ ಅಂಗಡಿಗೆ ಬರುವಾಗ ಗೋಳಿಬಜೆ ಮುಗಿದಿತ್ತು.

ಮಂಜೇಶ್ವರದ ಹುಡುಗ:
ಬ್ಯಾಟರಿಯೇ ಅಣ್ಣ. ಹೊಸತು ಅಂತ ಕೊಟ್ಟದ್ದು ಹಳೇ ಸ್ಟಾಕ್ ಇರಬಹುದು. ಇನ್ನೊಂದು ಹಾಕಿ ನೋಡಿ.

ಉಪ್ಪಳ ಸ್ಪ್ಯಾನರ್:
ತಮ್ಮಾ, ‘ಹಾಕಿ ನೋಡಿ’ ಅಂತ ಹೇಳಲು ನಮಗೆ ಖರ್ಚಿಲ್ಲ, ಹಾಕುವವರಿಗೆ ಉಂಟು. ಬ್ಯಾಟರಿ ಇಳಿದಿದ್ದರೆ ಸಾಮಾನ್ಯವಾಗಿ ‘ಕಟಕಟಕಟ’ ಅಂತ ಬಡಿದುಕೊಳ್ಳುತ್ತದೆ. ಸೊಲನಾಯ್ಡ್, ಅಂದರೆ ಮೋಟಾರಿಗೆ ಕರೆಂಟ್ ಬಿಡುವ ಅಯಸ್ಕಾಂತದ ಸ್ವಿಚ್, ಎಳೆಯುತ್ತದೆ, ಮೋಟಾರಿಗೆ ಕರೆಂಟ್ ಹೋದ ಕೂಡಲೇ ವೋಲ್ಟೇಜ್ ಕುಸಿದು ಸೊಲನಾಯ್ಡ್ ಬಿಟ್ಟುಬಿಡುತ್ತದೆ, ಪುನಃ ಎಳೆಯುತ್ತದೆ. ಇವರಿಗೆ ಬರುವುದು ಒಂದೇ ಗಟ್ಟಿ ‘ಟಕ್’. ಅದು ಬೇರೆ ಕಥೆ.

ಬದಿಯಡ್ಕದವರೇ, ಸದ್ಯ ಸ್ಪ್ಯಾನರ್ ಮುಟ್ಟಬೇಡಿ. ಮೊದಲು ಇಷ್ಟು ಹೇಳಿ. ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದರೆ ಲೈಟ್ ಪೂರ್ತಿ ಸಾಯುತ್ತದಾ, ಸ್ವಲ್ಪ ಮಂಕಾಗುತ್ತದಾ, ಹಾಗೆಯೇ ಉಳಿಯುತ್ತದಾ? ಸೆಲ್ಫ್ ಬರೀ ಗಿರ್ರ್ ಅಂತ ಓಡಿ ಇಂಜಿನ್ ತಿರುಗದೆ ಇದ್ದದ್ದು ಉಂಟಾ? ಇದು ಶುರುವಾಗುವ ಮೊದಲು ಗಾಡಿಗೆ ಬೇರೆ ಎಂತ ಕೆಲಸ ಮಾಡಿಸಿದ್ದಿರಿ? ವಾಸನೆ, ಬಿಸಿ, ಏನೇ ಇರಲಿ, ಸಣ್ಣದು ಅಂತ ಬಿಡಬೇಡಿ.

ಬದಿಯಡ್ಕ407:
ಅಣ್ಣ, ಈಗಷ್ಟೇ ನೋಡಿ ಬಂದೆ. ಲೈಟ್ ಸ್ವಲ್ಪ ಮಂಕಾಗುತ್ತದೆ, ಸಾಯುವುದಿಲ್ಲ. ಬರೀ ಗಿರ್ರ್ ಅಂತ ಓಡಿದ್ದು ಇಲ್ಲ. ಕೆಲಸ ಅಂದರೆ, ಆಟಿ ತಿಂಗಳಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಗೇರ್‌ಬಾಕ್ಸ್ ಇಳಿಸಿದ್ದರು. ಸೆಲ್ಫ್ ಕಿರಿಕಿರಿ ಅದರ ನಂತರವೇ ಅಂತ ಈಗ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಇನ್ನೊಂದು, ಇದಕ್ಕೆ ಸಂಬಂಧ ಇಲ್ಲದಿರಬಹುದು. ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಇತ್ತೀಚೆಗೆ ಭಾರೀ ಬಿಗಿ. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಮುಟ್ಟಿದರೆ ಬಿಸಿ ಬೇರೆ. ಸುಟ್ಟ ಪ್ಲಾಸ್ಟಿಕ್ ವಾಸನೆಯೂ ಬರುತ್ತದೆ. ಇಂಜಿನ್ ಬಿಸಿಗೆ ಅಂತ ಸುಮ್ಮನಿದ್ದೆ.

ಉಪ್ಪಳ ಸ್ಪ್ಯಾನರ್:
ಸಂಬಂಧ ಇಲ್ಲದಿರಬಹುದು ಅಂದಿರಲ್ಲ, ನಿಮ್ಮ ಇಡೀ ಸಮಸ್ಯೆ ಅದರೊಳಗೇ ಉಂಟು ಮಾರಾಯ್ರೇ!

ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅಂದರೆ ಕರೆಂಟಿನ ಮಟ್ಟಿಗೆ ಇಂಜಿನ್ ಬೇರೆ, ಚಾಸಿಸ್ ಬೇರೆ. ಬ್ಯಾಟರಿಯ ಮೈನಸ್ ಚಾಸಿಸ್‌ಗೆ ಹೋಗುತ್ತದೆ. ಚಾಸಿಸ್‌ನಿಂದ ಇಂಜಿನ್‌ಗೋ ಗೇರ್‌ಬಾಕ್ಸ್‌ಗೋ ಒಂದು ದಪ್ಪದ ಅರ್ತ್ ಪಟ್ಟಿ, ಜಡೆ ಹೆಣೆದ ಹಾಗೆ ಇರುವಂಥದ್ದು. ಸೆಲ್ಫ್ ತಿರುಗುವಾಗ ಹರಿಯುವ ನೂರಾರು ಆಂಪಿಯರ್ ವಾಪಸ್ ಬರಬೇಕಾದ ದಾರಿ ಅದು. ಆ ದಾರಿ ಕೆಟ್ಟರೆ ಕರೆಂಟ್ ಸುಮ್ಮನೆ ಕೂರುವುದಿಲ್ಲ. ಇಂಜಿನ್‌ಗೂ ಕ್ಯಾಬಿನ್‌ಗೂ ನಡುವೆ ಕಬ್ಬಿಣದ್ದು ಎಂತ ಸಿಕ್ಕುತ್ತದೋ ಅದರಲ್ಲಿ ನುಗ್ಗುತ್ತದೆ. ಸ್ಟಾಪ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಅಷ್ಟು ಸಣ್ಣ ತಂತಿ ಬಿಸಿಯಾಗದೆ ಇರುತ್ತದಾ?

ಬೆಳಗ್ಗೆ ಯಾಕೆ ಸರಿ ಅಂತ ಕೇಳುತ್ತೀರಿ. ತಾಮ್ರ ಬಿಸಿಯಾದಷ್ಟೂ ಕರೆಂಟ್ ತಡೆಯುತ್ತದೆ. 60 ಡಿಗ್ರಿ ಏರಿದರೆ ತಡೆ ಹತ್ತಿರ ಹತ್ತಿರ ಕಾಲು ಭಾಗ ಜಾಸ್ತಿ. ಇಂಜಿನ್ ಪಕ್ಕ ಕೂತ ಸೆಲ್ಫ್ ಎರಡು ಟ್ರಿಪ್ ಆದ ಮೇಲೆ ಒಳ್ಳೇ ಕಾದಿರುತ್ತದೆ. ಅದೊಂದೇ ಆದರೆ ಗಾಡಿ ಹೇಗೋ ಸುಧಾರಿಸುತ್ತದೆ. ನಿಮ್ಮಲ್ಲಿ ಅರ್ತ್‌ನದ್ದೂ ಸೇರಿತು. ಕಾರ್ಬನ್, ಬುಶ್ ಹೊಸತು ಹಾಕಿದಾಗ ಹತ್ತು ದಿನ ಎಳೆದದ್ದು ಹಾಗೆ. ಮೋಟಾರು ಹಗುರ ಆಯಿತು, ರೋಗ ಹೋಗಲಿಲ್ಲ.

ವೋಲ್ಟ್ ಅಳೆಯುವ ಮೀಟರ್ ಇಲ್ಲದಿದ್ದರೂ ಪರೀಕ್ಷೆ ಮಾಡಬಹುದು. ಒಳ್ಳೇ ದಪ್ಪದ ಜಂಪರ್ ಕೇಬಲ್ ತನ್ನಿ, ಒಂದೇ ಸಾಕು. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್‌ನ ಪೇಂಟ್ ಇಲ್ಲದ ಗಟ್ಟಿ ಬೋಲ್ಟ್‌ಗೆ. ಆಗ ಸೆಲ್ಫ್ ಹೊಡೆಯಿರಿ. ಗಾಡಿ ಎದ್ದು ಕೂತರೆ ಅರ್ತ್ ಹೋಗಿದೆ ಅಂತ ಲೆಕ್ಕ.

ಮೀಟರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಡಿಸಿ 20 ವೋಲ್ಟ್‌ನಲ್ಲಿ ಇಡಿ. ಆಂಪಿಯರ್‌ನಲ್ಲಿ ಇಟ್ಟು ಬ್ಯಾಟರಿಗೆ ಹಿಡಿಯಬೇಡಿ, ಫ್ಯೂಸ್ ಹೋಗುತ್ತದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ನಿಮಗೆ ಕಲ್ಲಿಗೆ ಬರ ಇಲ್ಲ ಅಲ್ವಾ. ಗಾಡಿ ಬಿಸಿ ಇರುವಾಗಲೇ ಮಾಡಿ. ಒಬ್ಬರು ಸ್ಟಾಪ್ ಎಳೆದು ಹಿಡಿದು ಸೆಲ್ಫ್ ಹೊಡೆಯಲಿ, ಇಂಜಿನ್ ಹಿಡಿಯಬಾರದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್‌ನ ದಪ್ಪ ವೈರಿನ ಬೋಲ್ಟ್‌ಗೆ, ಅಂದರೆ 30 ನಂಬರ್‌ಗೆ. ಅರ್ಧ ವೋಲ್ಟ್ ಒಳಗೆ ಇರಬೇಕು. ಆಮೇಲೆ ಮೈನಸ್ ಕಂಬದಿಂದ ಇಂಜಿನ್ ಬ್ಲಾಕ್‌ಗೆ. ಅದು 0.3ಕ್ಕಿಂತ ಕಡಿಮೆ ಬೇಕು. ಕಡ್ಡಿಯನ್ನು ಬ್ಯಾಟರಿ ಕಂಬದ ಸೀಸಕ್ಕೇ ಹಿಡಿಯಿರಿ, ಕ್ಲಾಂಪ್‌ಗೆ ಅಲ್ಲ. ಕ್ಲಾಂಪ್‌ಗೆ ಹಿಡಿದರೆ ಅಲ್ಲಿನ ಕಿಲುಬು ಲೆಕ್ಕಕ್ಕೆ ಬರುವುದೇ ಇಲ್ಲ. ನಾನೇ ಹೀಗೆ ಒಮ್ಮೆ ಅರ್ಧ ದಿನ ಕಳೆದಿದ್ದೇನೆ.

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ಎರಡು ನಿಮಿಷ ಬಿಡಿ. ಮತ್ತೆ, ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೆಲ್ಫ್ ಓಡಿಸುವ ಸರ್ಕಸ್ ಬೇಡ. ಗಾಡಿ ಗೇರ್‌ನಲ್ಲಿ ಇದ್ದರೆ ಮೈಮೇಲೆಯೇ ಬರುತ್ತದೆ.

ಅಕ್ಕಲಕೋಟದ ಲಾರಿ:
ಭಾರೀ ಚಲೋ ಹೇಳಿದಿರಿ ಅಣ್ಣಾವರೇ. ನಮ್ಮ ಸೊಲ್ಲಾಪುರ ಕಡೆಯವರಿಗೆ ಒಂದು ಮಾತು ಸೇರಿಸತೀನ್ರೀ. ದೊಡ್ಡ ಲಾರಿ 24 ವೋಲ್ಟ್ ಇದ್ದರೆ, ಎರಡು ಬ್ಯಾಟರಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಎರಡನ್ನೂ ಬೇರೆ ಬೇರೆ ಅಳೆಯಿರಿ. ನನ್ನ ಲಾರಿಯಲ್ಲಿ ಎರಡೂ ಸೇರಿ 24.4 ತೋರಿಸುತ್ತಿತ್ತು, ಏನೂ ಅಡ್ಡಿ ಇಲ್ಲ ಅಂದುಕೊಂಡೆ. ಬಿಡಿಸಿ ನೋಡಿದರೆ ಒಂದು 12.7, ಇನ್ನೊಂದು 11.7! ಸತ್ತದ್ದೊಂದು, ಅದರ ಲೆಕ್ಕ ಮುಚ್ಚಿದ್ದು ಇನ್ನೊಂದು. ನಡುವಿನ ಜೋಡಿಸುವ ಕೇಬಲ್ ಸಹ ನೋಡಿರಿ, ಅದನ್ನು ಯಾರೂ ನೋಡಂಗಿಲ್ಲ.

ಮಂಜೇಶ್ವರದ ಹುಡುಗ:
ಹೊಸ ಬ್ಯಾಟರಿ ಎಷ್ಟು ತೋರಿಸಬೇಕು ಹಾಗಾದರೆ?

ಉಪ್ಪಳ ಸ್ಪ್ಯಾನರ್:
ರಾತ್ರಿ ಸುಮ್ಮನೆ ಬಿಟ್ಟು ಬೆಳಗ್ಗೆ ಅಳೆದರೆ 12.6 ಆಸುಪಾಸು ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕೆ ಬಂದರೆ ಖಾಲಿ ಆಗುತ್ತಾ ಬಂತು. ಇಂಜಿನ್ ಓಡುವಾಗ 14ರ ಹತ್ತಿರ ಬರಬೇಕು, ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡು.

ಬದಿಯಡ್ಕ407:
ಮೂರು ದಿನ ಕಲ್ಲಿನ ಆರ್ಡರ್ ಇತ್ತು, ಹಾಗಾಗಿ ತಡ. ಇವತ್ತು ಪಕ್ಕದ ಮನೆಯ ಭಾವನನ್ನು ಸೀಟಿನಲ್ಲಿ ಕೂರಿಸಿ ಅಳೆದೆ. ಗಾಡಿ ಒಳ್ಳೇ ಬಿಸಿ ಇತ್ತು, ‘ಟಕ್’ ಮಾತ್ರ ಬರುತ್ತಿತ್ತು.

ಕೀ ಒತ್ತಿ ಹಿಡಿದಾಗ ಬ್ಯಾಟರಿ ಕಂಬದಲ್ಲಿ 11.3. ಪ್ಲಸ್ ಕಡೆ 0.4. ಮೈನಸ್ ಕಂಬದಿಂದ ಇಂಜಿನ್‌ಗೆ 3.8! ಮೀಟರ್ ಹಾಳಾಗಿದೆ ಅಂತ ಮೂರು ಸಲ ನೋಡಿದೆ. ಮತ್ತೆ ನನಗೇ ಹೊಳೆದು ಎರಡು ತುಂಡು ಮಾಡಿ ಅಳೆದೆ. ಮೈನಸ್ ಕಂಬದಿಂದ ಚಾಸಿಸ್‌ಗೆ 0.2. ಚಾಸಿಸ್‌ನಿಂದ ಇಂಜಿನ್‌ಗೆ 3.6.

ಜಂಪರ್ ಕೇಬಲ್ ಹಾಕಿ ಹೊಡೆದರೆ, ಎಂತ ಹೇಳುವುದು, ಬಿಸಿ ಗಾಡಿ ಒಂದೇ ಏಟಿಗೆ ಎದ್ದಿತು. ಭಾವ ಸ್ಟಾಪ್ ಹಿಡಿಯಲು ಮರೆತಿದ್ದ. ಇಬ್ಬರೂ ಹೆದರಿ ಹಾರಿದೆವು.

ಉಪ್ಪಳ ಸ್ಪ್ಯಾನರ್:
ಚಕ್ರಕ್ಕೆ ಕಲ್ಲು ಯಾಕೆ ಇಡಲು ಹೇಳಿದ್ದು ಅಂತ ಭಾವನಿಗೂ ಗೊತ್ತಾಯಿತು!

ತುಂಡು ಮಾಡಿ ಅಳೆದದ್ದು ಬಹಳ ಒಳ್ಳೆಯದಾಯಿತು. ಲೆಕ್ಕ ನೋಡಿ. 11.3ರಲ್ಲಿ 0.4 ಪ್ಲಸ್ ಕಡೆ ಹೋಯಿತು, 3.8 ಅರ್ತ್‌ನಲ್ಲಿ ಹೋಯಿತು. ಸೆಲ್ಫ್‌ಗೆ ಉಳಿದದ್ದು 7.1. ಅಷ್ಟರಲ್ಲಿ ಸೊಲನಾಯ್ಡ್ ಎಳೆದು ‘ಟಕ್’ ಅನ್ನಬಹುದು, ಡೀಸೆಲ್ ಇಂಜಿನ್ ತಿರುಗಿಸುವ ಬಲ ಎಲ್ಲಿಂದ? ನಿಮ್ಮ ಲೈಟ್ ಯಾಕೆ ಸಾಯಲಿಲ್ಲ ಅಂತಲೂ ಇದರಲ್ಲೇ ಉಂಟು. ಲೈಟಿನ ಅರ್ತ್ ಚಾಸಿಸ್‌ಗೆ, ಆ ದಾರಿ ಸರಿ ಇದೆ.

ಈಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೆಳಗೆ ಹೋಗಿ. ಆ ಪಟ್ಟಿಯನ್ನು ಹುಡುಕಿ. ಗೇರ್‌ಬಾಕ್ಸ್ ಇಳಿಸಿದವರು ಅಲ್ಲಿ ಎಂತದೋ ಮಾಡಿದ್ದಾರೆ ಅಂತ ನನಗೆ ಅನುಮಾನ. ಅದು ಸರಿಮಾಡಿ ಮೈನಸ್ ಪುನಃ ಜೋಡಿಸಿದ ಮೇಲೆ, ಕೀಯಿಂದ ಸೆಲ್ಫ್‌ಗೆ ಬರುವ 50 ನಂಬರಿನ ಸಣ್ಣ ವೈರಿನಲ್ಲಿ ಕೀ ಒತ್ತಿದಾಗ ಎಷ್ಟು ಬರುತ್ತದೆ ನೋಡಿ. ಮೀಟರಿನ ಇನ್ನೊಂದು ಕಡ್ಡಿ ಬ್ಯಾಟರಿಯ ಮೈನಸ್‌ಗೇ ಇರಲಿ. ಬ್ಯಾಟರಿಗಿಂತ ಎರಡು ವೋಲ್ಟ್ ಕಡಿಮೆ ಇದ್ದರೆ ಕೀ ಸ್ವಿಚ್ ಸವೆದಿದೆ ಅಂತ, ಆಗ ಕೀ ಸ್ವಿಚ್‌ನ ಭಾರ ಹೊರಲು ಒಂದು ರಿಲೇ ಹಾಕಬೇಕಾಗುತ್ತದೆ. ಇದು ಹಳೇ ಗಾಡಿಗಳಲ್ಲಿ ಮಾಮೂಲಿ.

ಬದಿಯಡ್ಕ407:
ಸಿಕ್ಕಿತು ಅಣ್ಣ. ಪಟ್ಟಿ ಇತ್ತು, ಹೆಸರಿಗೆ ಮಾತ್ರ. ಗೇರ್‌ಬಾಕ್ಸ್ ಕಡೆಯ ತುದಿಯ ಎಳೆಗಳು ಮುಕ್ಕಾಲು ತುಂಡಾಗಿವೆ. ಉಳಿದದ್ದು ಹಸಿರು ಹಿಡಿದು ಪುಡಿಪುಡಿ. ಚಾಸಿಸ್ ಕಡೆಯಲ್ಲಿ ಇನ್ನೂ ಚಂದ. ಕಪ್ಪು ಪೇಂಟ್ ಬಳಿದು, ಅದರ ಮೇಲೆಯೇ ಬೋಲ್ಟ್ ಬಿಗಿದಿದ್ದಾರೆ. ಮಳೆಗಾಲಕ್ಕೆ ತುಕ್ಕು ಹಿಡಿಯಬಾರದು ಅಂತ ಪೇಂಟ್ ಹೊಡೆಯಲು ಹೇಳಿದ್ದು ನಾನೇ. ಯಾರನ್ನು ಬಯ್ಯುವುದು!

ಹೊಸ ಪಟ್ಟಿ ಹಾಕಿದೆ. ಎರಡೂ ಕಡೆ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಹಚ್ಚಿದೆ. ಈಗ ಮೈನಸ್ ಕಂಬದಿಂದ ಇಂಜಿನ್‌ಗೆ ಬರೀ 0.2. 50 ನಂಬರಿನಲ್ಲಿ 9.9, ಕೀ ಸ್ವಿಚ್ ಬಚಾವ್.

ಆದರೆ ಒಂದು ಹೆದರಿಕೆ. ಮೊದಲು ಸೆಲ್ಫ್ ಹೊಡೆಯುವಾಗ ಬ್ಯಾಟರಿ 11.3 ಇತ್ತು. ಈಗ 10.4ಕ್ಕೆ ಇಳಿಯುತ್ತದೆ. ಬ್ಯಾಟರಿ ಹೋಗುತ್ತಾ ಬಂತಾ?

ಉಪ್ಪಳ ಸ್ಪ್ಯಾನರ್:
ಇಲ್ಲ. ಮೊದಲು ಬಾಗಿಲು ಅರ್ಧ ಮುಚ್ಚಿತ್ತು, ಸೆಲ್ಫ್‌ಗೆ ಬೇಕಾದಷ್ಟು ಕರೆಂಟ್ ಹೋಗುತ್ತಲೇ ಇರಲಿಲ್ಲ. ಬ್ಯಾಟರಿಗೆ ಕೆಲಸವೇ ಇರಲಿಲ್ಲ, ಅದಕ್ಕೆ 11.3. ಈಗ ಸೆಲ್ಫ್ ಹೊಟ್ಟೆ ತುಂಬಾ ಎಳೆಯುತ್ತಿದೆ. ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ನಿಶ್ಚಿಂತೆ. ಹೊಸ ಸೆಲ್ಫ್‌ನ ದುಡ್ಡು ಉಳಿಯಿತಲ್ಲ.

ಮಂಜೇಶ್ವರದ ಹುಡುಗ:
ನಾನು ಬ್ಯಾಟರಿ ಅಂದದ್ದು ವಾಪಸ್ ತಗೊಂಡೆ ಅಣ್ಣ. ನನ್ನ ಆಟೋದ ಅರ್ತ್ ವೈರ್ ಬಿಚ್ಚಿ ನೋಡಿದೆ. ಅದೂ ಹಸಿರು.

ಬದಿಯಡ್ಕ407:
ವಾರ ಆಯಿತು. ಈಗ ಗೋಳಿಬಜೆ ಅಂಗಡಿ ಎದುರಿಗೇ, ಸಮತಟ್ಟಿನಲ್ಲಿ ನಿಲ್ಲಿಸುತ್ತೇನೆ. ಬಿಸಿ ಇರಲಿ, ತಂಪು ಇರಲಿ, ಒಂದೇ ಸೆಲ್ಫ್.

ಒಂದು ಬಾಕಿ ಇತ್ತು, ಅದನ್ನೂ ಹೇಳುತ್ತೇನೆ. ನಿನ್ನೆ ಕುಂಬಳೆಯಲ್ಲಿ ಗಾಡಿ ಸ್ಟಾರ್ಟ್ ಆಯಿತು, ಆದರೆ ನಿಲ್ಲಿಸಲು ಆಗಲಿಲ್ಲ. ಸ್ಟಾಪ್ ಕೇಬಲ್ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಅಂಟಿಕೊಂಡಿತ್ತು. ಎಳೆದರೆ ಗುಬಟು ಕೈಗೆ ಬಂತು. ಬ್ರೇಕ್ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಆಫ್ ಮಾಡಿದೆ. ಹೊಸ ಕೇಬಲ್ ತಂದಿದ್ದೇನೆ. ಭಾನುವಾರ ಭಾವ ಬರುತ್ತಾನಂತೆ, ಕಲ್ಲು ಅವನೇ ಇಡುತ್ತಾನಂತೆ.